ಹಳೆಯ ಲಾರಿಯ ಮ್ಯಾನಿಫೋಲ್ಡು: ಸೋರಿಕೆಯ ಮೂಲ, ನಿವಾರಣೆಯ ಮಾರ್ಗ

ನಸುಕಿನ ಜಾವದಲ್ಲಿ ಯಾವುದಾದರೊಂದು ಲಾರಿ ನಿಲ್ದಾಣದ ಬಳಿ ನಿಂತು, ರಾತ್ರಿಯೆಲ್ಲ ಮಂಜಿನಲ್ಲಿ ತಣ್ಣಗಾಗಿದ್ದ ಹಳೆಯ ವಾಹನಗಳು ಒಂದೊಂದಾಗಿ ಎಚ್ಚರಗೊಳ್ಳುವ ಸದ್ದನ್ನು ಆಲಿಸುವವರಿಗೆ, ಎಂಜಿನ್ನಿನ ಗಂಭೀರವಾದ ಗುಡುಗಿನ ನಡುವೆ ಟಿಕ್ ಟಿಕ್ ಎಂಬ ಇನ್ನೊಂದು ಸಣ್ಣ ಧ್ವನಿಯು, ಎಂಜಿನ್ನಿನ ವೇಗವೇರಿದಂತೆ ತಾನೂ ಏರುತ್ತ, ಸ್ವಲ್ಪ ಹೊತ್ತು ಕಳೆದು ಲೋಹವು ಚೆನ್ನಾಗಿ ಕಾದಮೇಲೆ ಕ್ರಮೇಣ ಅಡಗಿಹೋಗುವುದು ಕೇಳಿಬರುವುದುಂಟು. “ಬಿಸಿಯಾದರೆ ಅದೇ ಸರಿಹೋಗುತ್ತದೆ” ಎಂದು ಚಾಲಕನು ಗೇರು ಹಾಕಿ ಹೊರಟುಬಿಡುತ್ತಾನೆ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಕಾದ ಲೋಹವು ಹಿಗ್ಗಿ ಸಂದನ್ನು ತಾತ್ಕಾಲಿಕವಾಗಿ ಮುಚ್ಚುವುದು ನಿಜವೇ; ಆದರೆ ಆ ಸಂದು ಅಲ್ಲಿಯೇ ಇದೆಯೆಂಬುದೂ, ಅದರ ಮೂಲಕ ನುಗ್ಗುವ ಉರಿಗಾಳಿಯು ದಿನದಿನಕ್ಕೆ ಅದನ್ನು ಕೊರೆದು ಅಗಲಮಾಡುತ್ತಿದೆಯೆಂಬುದೂ ಅಷ್ಟೇ ನಿಜ.

ಆ ಧ್ವನಿಯು ಎಂಜಿನ್ನಿನ ಹೆಡ್ಡಿಗೂ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೂ ನಡುವೆ ಕುಳಿತಿರುವ ಗ್ಯಾಸ್ಕೆಟ್ಟು, ಅಂದರೆ ಗ್ಯಾರೇಜಿನವರು ಪ್ಯಾಕಿಂಗ್ ಎಂದು ಕರೆಯುವ ತೆಳುವಾದ ಹಾಳೆಯು, ತನ್ನ ಹಿಡಿತವನ್ನು ಕಳೆದುಕೊಂಡಿರುವುದರ ಸೂಚನೆ. ಹಳೆಯ ಲಾರಿಗಳನ್ನು ಇಟ್ಟುಕೊಂಡವರಿಗೆ ಈ ವ್ಯಾಧಿಯು ಚಿರಪರಿಚಿತವಾದುದು. ಪ್ಯಾಕಿಂಗ್ ಬದಲಾಯಿಸುವುದು, ಕೆಲವು ತಿಂಗಳು ನೆಮ್ಮದಿಯಿಂದಿರುವುದು, ಮತ್ತೆ ಅದೇ ಧ್ವನಿ, ಮತ್ತೆ ಅದೇ ಕರಿಯ ಮಸಿಯ ಗೆರೆ, ಮತ್ತೆ ಹೊಸ ಪ್ಯಾಕಿಂಗ್—ಹೀಗೆ ವರ್ಷಗಟ್ಟಲೆ ಸಾಗುವ ಈ ಆವರ್ತನದಲ್ಲಿ ಬೈಗುಳವೆಲ್ಲ ಪ್ಯಾಕಿಂಗಿನ ತಲೆಗೇ ಬೀಳುತ್ತದೆ. ಅದು ಕಳಪೆಯೆಂದೂ, ನಕಲಿಯೆಂದೂ, ಹಿಂದಿನ ಕಾಲದ ಸಾಮಾನು ಈಗ ದೊರೆಯದೆಂದೂ ಹೇಳುವವರು ಎಲ್ಲೆಡೆಯೂ ಇದ್ದಾರೆ. ಮೊದಲನೆಯ ಬಾರಿ ಸೋರಿದಾಗ ಪ್ಯಾಕಿಂಗನ್ನು ಶಂಕಿಸುವುದು ನ್ಯಾಯವೇ ಸರಿ. ಎರಡನೆಯ ಬಾರಿ ಸೋರಿದಾಗ ಅದನ್ನು ಬಿಗಿಹಿಡಿಯಬೇಕಾದ ಲೋಹವನ್ನು ಪರೀಕ್ಷಿಸುವುದೇ ವಿವೇಕ. ಈ ಲೇಖನದ ತಾತ್ಪರ್ಯವೆಲ್ಲ ಇಷ್ಟೇ.

ಯಂತ್ರದ ನಿಶ್ವಾಸ

ನಮ್ಮ ನಾಡಿನ ರಸ್ತೆಗಳಲ್ಲಿ ದುಡಿದ ಹಳೆಯ ಲಾರಿಗಳ ಬಹುಭಾಗವು ಎರಡು ವಂಶಗಳಿಗೆ ಸೇರಿದುದು. ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯ ಸಹಯೋಗದಿಂದ 1954ರಲ್ಲಿ ಜಮ್ಶೆಡ್‌ಪುರದಲ್ಲಿ ಲಾರಿ ತಯಾರಿಕೆಯನ್ನು ಆರಂಭಿಸಿ, 1969ರಲ್ಲಿ ಆ ಒಪ್ಪಂದವು ಮುಗಿದಮೇಲೆ ಸ್ವಂತ ಹೆಸರಿನಲ್ಲಿಯೇ ಮುಂದುವರಿದ ಟಾಟಾದವರದು ಒಂದು. 1948ರಲ್ಲಿ ಅಶೋಕ್ ಮೋಟಾರ್ಸ್ ಎಂಬ ಹೆಸರಿನಿಂದ ಹುಟ್ಟಿ, 1955ರಲ್ಲಿ ಇಂಗ್ಲೆಂಡಿನ ಲೇಲ್ಯಾಂಡ್ ಸಂಸ್ಥೆಯೊಡನೆ ಕೂಡಿಕೊಂಡ ಮದರಾಸಿನ ಅಶೋಕ್ ಲೇಲ್ಯಾಂಡಿನವರದು ಇನ್ನೊಂದು. ಟಾಟಾ ಲಾರಿಗಳಲ್ಲಿ ದೀರ್ಘಕಾಲ ದುಡಿದ 697 ಎಂಬ ಎಂಜಿನ್ನು ಆರು ಸಿಲಿಂಡರುಗಳದು. ಸಿಲಿಂಡರಿನ ವ್ಯಾಸ 97 ಮಿಲಿಮೀಟರು, ಒಟ್ಟು ಗಾತ್ರ ಸುಮಾರು 5.7 ಲೀಟರು.

ಇಂತಹ ಆರು ಸಿಲಿಂಡರುಗಳ ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗುವಾಗ, ಪ್ರತಿಯೊಂದು ಸಿಲಿಂಡರೂ ಎರಡು ಸುತ್ತಿಗೊಮ್ಮೆ ತನ್ನ ಸುಟ್ಟ ಗಾಳಿಯನ್ನು ಹೊರಚೆಲ್ಲುವುದರಿಂದ, ಸೆಕೆಂಡಿಗೆ 100 ಬಾರಿ ಉರಿಯುವ ಅನಿಲದ ಹೊಡೆತವು ಮ್ಯಾನಿಫೋಲ್ಡಿನ ಬಾಯಿಗಳಿಗೆ ಬಂದು ಅಪ್ಪಳಿಸುತ್ತದೆ. ತುಂಬಿದ ಹೇರಿನೊಡನೆ ಏರು ಹತ್ತುವ ಡೀಸೆಲ್ ಲಾರಿಯಲ್ಲಿ ಆ ಅನಿಲದ ಉಷ್ಣತೆಯು 500ರಿಂದ 650 ಡಿಗ್ರಿ ಸೆಲ್ಸಿಯಸ್‌ವರೆಗೂ ಏರಬಲ್ಲುದು. ಆರು ಬಾಯಿಗಳಿಂದ ಬರುವ ಈ ಉರಿಯನ್ನು ಒಂದೇ ಕೊಳವೆಯಲ್ಲಿ ಕೂಡಿಸಿ ಸೈಲೆನ್ಸರಿನ ಕಡೆಗೆ ಸಾಗಿಸುವ ಬೀಡಿನ ಎರಕವೇ ಮ್ಯಾನಿಫೋಲ್ಡು. ಎಂಜಿನ್ನಿನ ಮಿಕ್ಕ ಭಾಗಗಳಿಗೆ ನೀರಿನ ತಂಪೂ ಎಣ್ಣೆಯ ರಕ್ಷಣೆಯೂ ಉಂಟು. ಇದಕ್ಕೆ ಎರಡೂ ಇಲ್ಲ. ಒಂದು ಪಕ್ಕದಲ್ಲಿ ನೀರಿನಿಂದ ತಂಪಾದ ಹೆಡ್ಡು, ಇನ್ನೊಂದು ಪಕ್ಕದಲ್ಲಿ ಕೆಂಡದ ಬಿಸಿಯ ಮ್ಯಾನಿಫೋಲ್ಡು, ಇವೆರಡರ ನಡುವೆ ಒಂದೆರಡು ಮಿಲಿಮೀಟರು ದಪ್ಪದ ಪ್ಯಾಕಿಂಗು: ಸಮಸ್ಯೆಯ ಬೀಜವಿರುವುದು ಈ ಸನ್ನಿವೇಶದಲ್ಲಿಯೇ.

ಹಿಗ್ಗುವ ಲೋಹ, ಕುಗ್ಗುವ ಲೋಹ

ಬೀಡು ಕಬ್ಬಿಣವು ಒಂದು ಡಿಗ್ರಿ ಕಾದಾಗ ತನ್ನ ಉದ್ದದ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 11 ಭಾಗದಷ್ಟು ಹಿಗ್ಗುತ್ತದೆ. ಕೇಳುವುದಕ್ಕೆ ಇದು ಅತ್ಯಲ್ಪವೆಂದು ತೋರುವುದಾದರೂ ಲೆಕ್ಕ ಹಾಕಿ ನೋಡಿದರೆ ಅದರ ಗುರುತ್ವವು ಸ್ಪಷ್ಟವಾದೀತು. 800 ಮಿಲಿಮೀಟರು ಉದ್ದದ ಮ್ಯಾನಿಫೋಲ್ಡು 25 ಡಿಗ್ರಿಯಿಂದ 450 ಡಿಗ್ರಿಗೆ ಕಾದರೆ ಮೂರೂವರೆ ಮಿಲಿಮೀಟರಿಗಿಂತ ಹೆಚ್ಚಾಗಿ ಉದ್ದವಾಗುತ್ತದೆ. ಅದರ ಬೆನ್ನಿಗಿರುವ ಹೆಡ್ಡಾದರೋ ನೀರಿನ ತಂಪಿನಿಂದ 90 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುವುದರಿಂದ ಅರ್ಧ ಮಿಲಿಮೀಟರಿಗಿಂತ ಕೊಂಚವೇ ಹೆಚ್ಚು ಹಿಗ್ಗುತ್ತದೆ. ಒಂದಕ್ಕೊಂದು ಬಿಗಿದು ಕಟ್ಟಿದ ಈ ಎರಡು ಲೋಹಗಳ ನಡುವೆ ಹೀಗೆ ಮೂರು ಮಿಲಿಮೀಟರಿನ ಅಂತರವು ಪ್ರತಿಯೊಂದು ಪ್ರಯಾಣದಲ್ಲಿಯೂ ಹುಟ್ಟಿ, ಪ್ರತಿಯೊಂದು ನಿಲುಗಡೆಯಲ್ಲಿಯೂ ಅಳಿಯುತ್ತಿರಬೇಕು. ಅಂದರೆ ಮ್ಯಾನಿಫೋಲ್ಡು ಪ್ಯಾಕಿಂಗಿನ ಮೇಲೆ ಜಾರಲೇಬೇಕು. ನಡುವಿನ ಬಾಯಿಯಲ್ಲಿ ಈ ಜಾರುವಿಕೆ ಅತ್ಯಲ್ಪ, ಎರಡು ತುದಿಗಳಲ್ಲಿ ಅತ್ಯಧಿಕ.

ಹಿಗ್ಗುವುದಕ್ಕೆ ಎಡೆಯಿಲ್ಲದಂತೆ ಕಟ್ಟಿಹಾಕಿದರೆ ಆಗುವುದೇನು? ಎತ್ತಿನ ಗಾಡಿಯ ಚಕ್ರಕ್ಕೆ ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ತೊಡಿಸುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಕಾಯಿಸಿದಾಗ ಸಡಿಲವಾಗಿ ಕೂರುವ ಪಟ್ಟಿಯು ನೀರು ಹುಯ್ದೊಡನೆ ಕುಗ್ಗಿ, ಮರದ ಕೀಲುಗಳೆಲ್ಲ ಕಿರುಗುಟ್ಟುವಂತೆ ಚಕ್ರವನ್ನು ಅಮುಕಿಬಿಡುತ್ತದೆ. ಮ್ಯಾನಿಫೋಲ್ಡಿನಲ್ಲಿಯೂ ದುಡಿಯುವುದು ಅದೇ ಬಲ. ಕಾದು ಹಿಗ್ಗಬಯಸುವ ಬೀಡನ್ನು, ಅದನ್ನು ಹೆಡ್ಡಿಗೆ ಬಿಗಿದಿರುವ ತುಕ್ಕು ಹಿಡಿದ ಸ್ಟಡ್ಡುಗಳು ತಡೆದು ನಿಲ್ಲಿಸಿದಾಗ, ಆ ಬಿಸಿಯಲ್ಲಿ ಮೆತ್ತಗಾದ ಲೋಹವು ತನ್ನೊಳಗೆ ತಾನೇ ಅಮುಕಲ್ಪಟ್ಟು ಶಾಶ್ವತವಾಗಿ ಗಿಡ್ಡಾಗುತ್ತದೆ. ತಣಿದಮೇಲೆ ಅದು ತನ್ನ ಮೂಲದ ಉದ್ದಕ್ಕೆ ಬರದೆ ಇನ್ನೂ ಕುಗ್ಗಿ, ಎರಡು ತುದಿಗಳ ಸ್ಟಡ್ಡುಗಳನ್ನು ಒಳಕ್ಕೆ ಎಳೆಯುತ್ತದೆ. ಹಳೆಯ ಲಾರಿಗಳಲ್ಲಿ ಮೊಟ್ಟಮೊದಲು ತುಂಡಾಗುವುದು ತುದಿಯ ಸ್ಟಡ್ಡುಗಳೇ ಎಂಬ ಅನುಭವದ ಮಾತಿಗೆ ಇದೇ ಕಾರಣ. ಇದರ ಜೊತೆಗೆ, ವರ್ಷಾನುಗಟ್ಟಲೆ ಮೇಲಿಂದ ಮೇಲೆ ಕಾಯುವ ಬೂದು ಬೀಡಿನಲ್ಲಿ ಒಳಗಿನ ಕಾರ್ಬನ್ನು ತನ್ನ ರೂಪವನ್ನು ಬದಲಿಸಿಕೊಳ್ಳುವುದರಿಂದಲೂ, ಒಳಗಿನ ಪದರಗಳವರೆಗೆ ತುಕ್ಕು ಇಳಿಯುವುದರಿಂದಲೂ ಎರಕವು ಅಲ್ಲಲ್ಲಿ ಉಬ್ಬಿ ಸೊಟ್ಟಗಾಗುವುದುಂಟು. ಆಗ ಮೊದಲು ಒಂದೇ ಸಮತಲದಲ್ಲಿದ್ದ ಆರು ಬಾಯಿಗಳು ಆರು ದಿಕ್ಕಿಗೆ ಮುಖಮಾಡುತ್ತವೆ. ಅಂತಹ ಮ್ಯಾನಿಫೋಲ್ಡಿಗೆ ಎಷ್ಟು ಒಳ್ಳೆಯ ಪ್ಯಾಕಿಂಗ್ ಹಾಕಿದರೂ ಅದು ನಿಲ್ಲಲಾರದು.

ನಮ್ಮ ಘಟ್ಟದ ರಸ್ತೆಗಳು ಈ ಪರೀಕ್ಷೆಯನ್ನು ಇನ್ನಷ್ಟು ಕಠಿನಗೊಳಿಸುತ್ತವೆ. ಮಂಗಳೂರಿನ ಬಂದರಿನಿಂದ ಹೇರು ತುಂಬಿಕೊಂಡು ಬರುವ ಲಾರಿಯು ಗುಂಡ್ಯವನ್ನು ದಾಟಿ ಶಿರಾಡಿಯ ಏರನ್ನು ಕೆಳಗಿನ ಗೇರುಗಳಲ್ಲಿ ಹತ್ತುತ್ತಿರುವಾಗ ಎಂಜಿನ್ನು ಪೂರ್ಣಭಾರದಲ್ಲಿ ದುಡಿಯುತ್ತಿರುತ್ತದೆ. ವೇಗವು ಕಡಿಮೆಯಾದುದರಿಂದ ಎದುರುಗಾಳಿಯ ತಂಪೂ ದೊರೆಯದು. ಮಳೆಗಾಲದಲ್ಲಾದರೆ ಹೊಂಡಗಳಿಂದ ಚಿಮ್ಮಿದ ನೀರು ಆ ಕೆಂಡದಂತಹ ಲೋಹಕ್ಕೆ ನೇರವಾಗಿ ಸಿಡಿದರೂ ಸಿಡಿಯಬಹುದು. ಬಯಲುಸೀಮೆಯ ಸಮತಟ್ಟಾದ ಹೆದ್ದಾರಿಯಲ್ಲಿ ಒಂದೇ ವೇಗದಿಂದ ಓಡುವ ಲಾರಿಗಿಂತ ಘಟ್ಟ ಹತ್ತಿಳಿಯುವ ಲಾರಿಯ ಮ್ಯಾನಿಫೋಲ್ಡು ಬೇಗ ಹಣ್ಣಾಗುವುದರಲ್ಲಿ ಆಶ್ಚರ್ಯವಿಲ್ಲ.

ಸ್ಟಡ್ಡಿನ ಹಿಡಿತದ ರಹಸ್ಯ

ಸ್ಟಡ್ಡು ಒಂದು ಗೂಟವೆಂದೂ, ನಟ್ಟನ್ನು ಅದಕ್ಕೆ ಬಲವಾಗಿ ತಿರುಗಿಸಿದರೆ ಕೆಲಸ ಮುಗಿಯಿತೆಂದೂ ಭಾವಿಸುವುದು ಸಾಮಾನ್ಯ. ವಾಸ್ತವವಾಗಿ ಬಿಗಿದ ಸ್ಟಡ್ಡು ಎಳೆದು ಹಿಡಿದ ಸ್ಪ್ರಿಂಗಿನಂತೆ ವರ್ತಿಸುತ್ತದೆ. ತಾನು ಕಣ್ಣಿಗೆ ಕಾಣದಷ್ಟು ಉದ್ದವಾಗಿ, ಮತ್ತೆ ಗಿಡ್ಡಾಗಲು ಹವಣಿಸುತ್ತ, ಆ ಹವಣಿಕೆಯ ಬಲದಿಂದಲೇ ಮ್ಯಾನಿಫೋಲ್ಡನ್ನು ಹೆಡ್ಡಿಗೆ ಒತ್ತುತ್ತದೆ. ಮ್ಯಾನಿಫೋಲ್ಡಿನ ಕಿವಿಯ ದಪ್ಪವೂ ಪ್ಯಾಕಿಂಗಿನ ದಪ್ಪವೂ ಸೇರಿ 25 ಮಿಲಿಮೀಟರೆಂದು ಇಟ್ಟುಕೊಂಡರೆ, ಚೆನ್ನಾಗಿ ಬಿಗಿದ ಉಕ್ಕಿನ ಸ್ಟಡ್ಡು ಅಷ್ಟು ಉದ್ದದಲ್ಲಿ ಹಿಗ್ಗುವುದು ಸುಮಾರು 0.05 ಮಿಲಿಮೀಟರು ಮಾತ್ರ. ಹೊಸ ಪ್ಯಾಕಿಂಗು ಮೊದಲನೆಯ ಬಿಸಿಯಲ್ಲಿ ಅಮುಕಿಕೊಂಡು ಅಷ್ಟೇ ತೆಳುವಾದರೂ ಸಾಕು, ಸ್ಟಡ್ಡಿನ ಬಿಗಿಯೆಲ್ಲ ಮಾಯವಾಗಿ ನಟ್ಟು ಹೆಸರಿಗೆ ಮಾತ್ರ ಅಲ್ಲಿ ಉಳಿಯುತ್ತದೆ.

ಹೀಗಾದುದರಿಂದ ಅನುಭವಿಗಳು ಕೆಲವು ಕಡೆ ನಟ್ಟಿನ ಕೆಳಗೆ ಉಕ್ಕಿನ ದಪ್ಪ ಬುಷ್ಷೊಂದನ್ನು ಇಟ್ಟು, ಅದಕ್ಕೆ ತಕ್ಕಂತೆ ಉದ್ದವಾದ ಸ್ಟಡ್ಡನ್ನು ಹಾಕುತ್ತಾರೆ. ಹಿಡಿತದ ಉದ್ದವು 25ರಿಂದ 60 ಮಿಲಿಮೀಟರಿಗೆ ಏರಿದರೆ ಸ್ಟಡ್ಡಿನ ಹಿಗ್ಗುವಿಕೆಯೂ ಎರಡು ಪಟ್ಟಿಗಿಂತ ಹೆಚ್ಚಾಗುವುದರಿಂದ, ಪ್ಯಾಕಿಂಗು ಸ್ವಲ್ಪ ಅಮುಕಿಕೊಂಡರೂ ಬಿಗಿಯ ಬಹುಪಾಲು ಉಳಿದುಕೊಳ್ಳುತ್ತದೆ. ಸಾಧಾರಣವಾದ ಸ್ಪ್ರಿಂಗ್ ವಾಷರು ಮ್ಯಾನಿಫೋಲ್ಡಿನ ಬಿಸಿಯಲ್ಲಿ ತನ್ನ ಹದವನ್ನು ಕಳೆದುಕೊಂಡು ಚಪ್ಪಟೆಯಾದ ಬಿಲ್ಲೆಯಾಗಿಬಿಡುವುದರಿಂದ ಅದನ್ನು ನಂಬುವಂತಿಲ್ಲ. ಹತ್ತಾರು ಬಾರಿ ಕಾದು ತಣಿದ ಹಳೆಯ ಸ್ಟಡ್ಡೂ ತನ್ನ ಸತ್ತ್ವವನ್ನು ಕಳೆದುಕೊಂಡಿರುತ್ತದೆ. ನೋಡುವುದಕ್ಕೆ ಗಟ್ಟಿಯಾಗಿರುವುದೆಂದು ಅದನ್ನೇ ಮತ್ತೆ ಬಳಸುವುದು ಹುಸಿ ಉಳಿತಾಯ.

ಸೋರಿಕೆಯಿಂದ ಒದಗುವ ಹಾನಿ

ಬರಿಯ ಸದ್ದಷ್ಟೇ ತೊಂದರೆಯಾಗಿದ್ದರೆ ಈ ವಿಷಯಕ್ಕೆ ಇಷ್ಟು ವಿಸ್ತಾರದ ಅಗತ್ಯವಿರಲಿಲ್ಲ. ಟರ್ಬೊ ಉಳ್ಳ ಎಂಜಿನ್ನಿನಲ್ಲಿ ಸುಟ್ಟ ಅನಿಲದ ವೇಗವೇ ಟರ್ಬೊದ ಚಕ್ರವನ್ನು ತಿರುಗಿಸಬೇಕು. ಆ ಅನಿಲವು ದಾರಿಯಲ್ಲಿಯೇ ಸೋರಿಹೋದರೆ ಸಿಲಿಂಡರುಗಳಿಗೆ ಸಾಕಷ್ಟು ಗಾಳಿ ತುಂಬದೆ, ಏರಿನಲ್ಲಿ ಎಳೆತ ತಗ್ಗಿ, ಕರಿಯ ಹೊಗೆ ಹೆಚ್ಚಿ, ಡೀಸೆಲ್ಲು ವ್ಯರ್ಥವಾಗುತ್ತದೆ. ಎಕ್ಸಾಸ್ಟ್ ಬ್ರೇಕು ಇರುವ ಲಾರಿಯಲ್ಲಿ ವಿಷಯವು ಇನ್ನೂ ಗಂಭೀರವಾದುದು. ಇಳಿಜಾರಿನಲ್ಲಿ ಹೊಗೆಯ ಕೊಳವೆಯನ್ನು ಒಂದು ಕವಾಟದಿಂದ ಮುಚ್ಚಿ, ಒಳಗೆ ಒತ್ತಡವನ್ನು ಕಟ್ಟಿ, ಆ ಒತ್ತಡದ ಎದುರು ಪಿಸ್ಟನ್ನುಗಳು ಹೆಣಗುವಂತೆ ಮಾಡುವುದರಿಂದ ವಾಹನದ ವೇಗವು ತಗ್ಗುತ್ತದೆಯಷ್ಟೆ. ಮ್ಯಾನಿಫೋಲ್ಡು ಸೋರುತ್ತಿದ್ದರೆ ಆ ಒತ್ತಡವು ಪೂರ್ಣವಾಗಿ ಕಟ್ಟುವುದಿಲ್ಲ. ಘಟ್ಟದ ಇಳಿಜಾರಿನಲ್ಲಿ ಭಾರವೆಲ್ಲ ಚಕ್ರದ ಬ್ರೇಕುಗಳ ಮೇಲೆಯೇ ಬಿದ್ದು ಅವು ಕಾದುಹೋದರೆ ಒದಗಬಹುದಾದ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಸಂದಿನಿಂದ ಸಿಡಿಯುವ ಉರಿಯು ಹತ್ತಿರದ ಡೀಸೆಲ್ ಪೈಪನ್ನೋ ವೈರುಗಳನ್ನೋ ಸುಟ್ಟು ಬೆಂಕಿಗೆ ಕಾರಣವಾಗಬಹುದೆಂಬುದು ಮತ್ತೊಂದು ಅಪಾಯ. ಇವೆಲ್ಲಕ್ಕಿಂತ ಹೆಚ್ಚಾಗಿ, ಸೈಲೆನ್ಸರಿನ ತುದಿಯಿಂದ ದೂರಹೋಗಬೇಕಾದ ಹೊಗೆಯು ಬಾನೆಟ್ಟಿನ ಸಂದುಗಳ ಮೂಲಕ ಕ್ಯಾಬಿನ್ನಿಗೆ ನುಗ್ಗಿ, ಅಲ್ಲಿಯೇ ಉಣ್ಣುವ, ಅಲ್ಲಿಯೇ ಮಲಗುವ ಚಾಲಕ ಮತ್ತು ಕ್ಲೀನರುಗಳ ಶ್ವಾಸಕೋಶವನ್ನು ಸೇರುತ್ತದೆ. ಡೀಸೆಲ್ ಎಂಜಿನ್ನಿನ ಹೊಗೆಯು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ನಿರ್ಣಯಿಸಿದೆ. ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮಾನಾಕ್ಸೈಡು ಆ ಹೊಗೆಯಲ್ಲಿ ಬೆರೆತಿರುವುದರಿಂದ, ಎಂಜಿನ್ನನ್ನು ಓಡಲು ಬಿಟ್ಟು ಕಿಟಕಿ ಮುಚ್ಚಿ ಮಲಗುವುದು ಎಂದಿಗೂ ಸಲ್ಲದು. ಸೋರುವ ಲಾರಿಯಲ್ಲಂತೂ ಅದು ಪ್ರಾಣವನ್ನೇ ಪಣಕ್ಕೊಡ್ಡಿದಂತೆ.

ದುರಸ್ತಿಯ ಕ್ರಮ

ಸರಿಯಾದ ದುರಸ್ತಿಗೆ ಮೊದಲ ಮೆಟ್ಟಿಲು ಸರಿಯಾದ ನಿದಾನ. ಸೋರುವ ಬಾಯಿಯ ಸುತ್ತ ಬೀಸಣಿಗೆಯಾಕಾರದ ಕರಿಯ ಮಸಿಯು ಹರಡಿರುವುದನ್ನು ಬೆಳಕು ಹಿಡಿದು ನೋಡಿದರೆ ಕಾಣಬಹುದು. ಎಂಜಿನ್ನು ತಣ್ಣಗಿರುವಾಗ ಸೈಲೆನ್ಸರಿನ ಬಾಯಿಂದ ಬ್ಲೋಯರಿನ ಗಾಳಿಯನ್ನು ಒಳಕ್ಕೆ ಊದಿ, ಮ್ಯಾನಿಫೋಲ್ಡಿನ ಅಂಚಿಗೆ ಸಾಬೂನಿನ ನೀರನ್ನು ಸವರಿದರೆ, ಗುಳ್ಳೆಗಳೇ ಸೋರುವ ಎಡೆಯನ್ನು ತೋರಿಸಿಕೊಡುತ್ತವೆ. ಯಾವ ಬಾಯಿ ಸೋರುತ್ತಿದೆಯೆಂಬುದನ್ನು ಬಿಚ್ಚುವುದಕ್ಕೆ ಮುಂಚೆಯೇ ಗುರುತು ಹಾಕಿಕೊಳ್ಳಬೇಕು. ಪ್ರತಿಸಲವೂ ಅದೇ ಬಾಯಿಯೇ ಸೋರುತ್ತಿದ್ದರೆ ದೋಷವು ಲೋಹದಲ್ಲಿದೆಯೆಂಬುದಕ್ಕೆ ಅದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಬಿಚ್ಚುವಾಗ ಆತುರವು ಪರಮಶತ್ರು. ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಉಣಿಸಿ, ಬಿಗಿಯಾದುದನ್ನು ಗ್ಯಾಸಿನ ಉರಿಯಿಂದ ಕಾಯಿಸಿ, ಹಿಂದಕ್ಕೂ ಮುಂದಕ್ಕೂ ಸ್ವಲ್ಪಸ್ವಲ್ಪವಾಗಿ ಅಲುಗಿಸುತ್ತ ತೆಗೆಯಬೇಕು. ಸ್ಟಡ್ಡು ಹೆಡ್ಡಿನೊಳಗೆ ತುಂಡಾಗಿ ಉಳಿದಿದ್ದರೆ, ಅದರ ಮೋಟಿನ ಮೇಲೆ ನಟ್ಟೊಂದನ್ನಿಟ್ಟು ವೆಲ್ಡಿಂಗ್ ಮಾಡಿ ಬೆಸೆದು ಸ್ಪ್ಯಾನರಿನಿಂದ ತಿರುಗಿಸುವುದು ಬಲ್ಲವರ ವಿಧಾನ. ವೆಲ್ಡಿಂಗಿನ ಕಾವೇ ತುಕ್ಕಿನ ಕಟ್ಟನ್ನು ಸಡಿಲಿಸುತ್ತದೆ. ಡ್ರಿಲ್ ಮಾಡುವುದು ಅನಿವಾರ್ಯವಾದಲ್ಲಿ ಮಧ್ಯಬಿಂದುವನ್ನು ಪಂಚಿನಿಂದ ಗುರುತಿಸಿ ಸಣ್ಣ ಬಿಟ್ಟಿನಿಂದ ಆರಂಭಿಸತಕ್ಕದ್ದು. ಮುರಿದ ಸ್ಟಡ್ಡನ್ನು ತಿರುಗಿಸಿ ತೆಗೆಯುವ ಈಜಿ ಔಟ್ ಎಂಬ ಗಡಸು ಉಕ್ಕಿನ ಸಾಧನವು ಒಳಗೇ ಮುರಿದುಹೋದರೆ ಅದನ್ನು ಸಾಮಾನ್ಯವಾದ ಡ್ರಿಲ್ಲು ಕೊರೆಯಲಾರದೆಂಬುದನ್ನು ಮರೆಯಬಾರದು. ಮರೆ, ಅಂದರೆ ಥ್ರೆಡ್ಡು, ಸವೆದುಹೋದ ರಂಧ್ರಕ್ಕೆ ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿಯನ್ನು ಕೂರಿಸಬಹುದು. ಕೆಲವು ಎಂಜಿನ್ನುಗಳಲ್ಲಿ ಸ್ಟಡ್ಡಿನ ರಂಧ್ರವು ನೀರಿನ ಕೋಶದವರೆಗೂ ತೆರೆದಿರುವುದರಿಂದ, ಅಲ್ಲಿ ಮರೆಗೆ ತಕ್ಕ ಅಂಟನ್ನು ಹಚ್ಚದಿದ್ದರೆ ಹೊಗೆಯ ಸೋರಿಕೆ ನಿಂತು ನೀರಿನ ಸೋರಿಕೆ ಶುರುವಾಗುತ್ತದೆ.

ಅನಂತರ ಬರುವುದು ಎಲ್ಲಕ್ಕಿಂತ ಮುಖ್ಯವಾದ, ಎಲ್ಲಕ್ಕಿಂತ ಹೆಚ್ಚಾಗಿ ಉಪೇಕ್ಷೆಗೊಳಗಾಗುವ ಕೆಲಸ. ಬಿಚ್ಚಿದ ಮ್ಯಾನಿಫೋಲ್ಡಿನ ಮುಖಗಳನ್ನು ಶುಚಿಮಾಡಿ, ನೇರವಾದ ಉಕ್ಕಿನ ಪಟ್ಟಿಯೊಂದನ್ನು ಆರೂ ಬಾಯಿಗಳ ಮೇಲೆ ಅಡ್ಡಲಾಗಿ ಇಟ್ಟು, ಕೆಳಗಿನ ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು. ತಯಾರಕರ ಪುಸ್ತಕದಲ್ಲಿ ಮಿತಿಯನ್ನು ಹೇಳಿದ್ದರೆ ಅದೇ ಪ್ರಮಾಣ, ಇಲ್ಲವಾದರೆ 0.1ರಿಂದ 0.2 ಮಿಲಿಮೀಟರನ್ನು ಮೀರಿದ ಸೊಟ್ಟನ್ನು ಸಹಿಸತಕ್ಕದ್ದಲ್ಲ. ಸೊಟ್ಟಗಾದುದನ್ನು ಮೆಷಿನ್ ಶಾಪಿಗೆ ಒಯ್ದು ಎಲ್ಲ ಮುಖಗಳೂ ಒಂದೇ ಸಮತಲಕ್ಕೆ ಬರುವಂತೆ ಫೇಸಿಂಗ್ ಮಾಡಿಸಬೇಕು. ಎರಡು ಮೂರು ತುಂಡುಗಳಿಂದ ಕೂಡಿದ ಮ್ಯಾನಿಫೋಲ್ಡಾದರೆ ತುಂಡುಗಳನ್ನು ಜೋಡಿಸಿದಮೇಲೆಯೇ ಫೇಸಿಂಗ್ ಆಗಬೇಕು; ಬಿಡಿಬಿಡಿಯಾಗಿ ಮಾಡಿಸಿದರೆ ಪ್ರತಿಯೊಂದೂ ಸಮವಾಗಿದ್ದು ಒಟ್ಟು ಮಾತ್ರ ಸೊಟ್ಟಗಿರುತ್ತದೆ. ಅಂತಹ ಮ್ಯಾನಿಫೋಲ್ಡುಗಳ ಜಾರುಕೀಲುಗಳು ಹಿಗ್ಗುವಿಕೆಗಾಗಿಯೇ ನಿರ್ಮಿತವಾದವು; ಅವು ಮಸಿ ತುಂಬಿ ಕಚ್ಚಿಕೊಂಡಿದ್ದರೆ ಬಿಡಿಸಿ ಸರಾಗಗೊಳಿಸಬೇಕು. ಬಿರುಕನ್ನು ಕಂಡುಹಿಡಿಯಲು ಒಂದು ಪಕ್ಕಕ್ಕೆ ಸೀಮೆಎಣ್ಣೆ ಸವರಿ ಇನ್ನೊಂದು ಪಕ್ಕಕ್ಕೆ ಚಾಕಿನ ಪುಡಿ ಬಳಿಯುವ ಹಳೆಯ ಕ್ರಮವು ಇಂದಿಗೂ ವಿಶ್ವಾಸಾರ್ಹ. ಎಣ್ಣೆಯು ಒಸರಿದ ಕಡೆ ಗೆರೆ ಮೂಡುತ್ತದೆ. ತಣ್ಣಗಿರುವಾಗಲೇ ಮ್ಯಾನಿಫೋಲ್ಡಿನ ರಂಧ್ರಗಳು ಸ್ಟಡ್ಡುಗಳಿಗೆ ಹೊಂದದಷ್ಟು ಅದು ಕುಗ್ಗಿದ್ದರೆ, ಮೀಟುಗೋಲಿನಿಂದ ಎಳೆದು ಕೂರಿಸುವ ಬದಲು ಬೇರೆಯದನ್ನು ಹಾಕುವುದೇ ಲೇಸು.

ಹಳೆಯ ಪ್ಯಾಕಿಂಗುಗಳಲ್ಲಿ ಕಲ್ನಾರು ಇರುತ್ತಿದ್ದುದರಿಂದ, ಅವುಗಳನ್ನು ಕೆರೆಯುವಾಗ ಏಳುವ ಧೂಳನ್ನು ಗಾಳಿಯಿಂದ ಊದಿ ಹಾರಿಸುವುದು ಕೆಲಸದವನ ಆಯುಷ್ಯಕ್ಕೆ ಅಪಾಯಕರ. ಸೂಕ್ಷ್ಮ ಧೂಳನ್ನು ತಡೆಯುವ ಮುಖಗವಸು ಹಾಕಿ, ಎಡೆಯನ್ನು ನೀರಿನಿಂದ ತೋಯಿಸಿ ಕೆರೆದು, ಒದ್ದೆಯ ಬಟ್ಟೆಯಿಂದ ಒರಸಿ ತೆಗೆಯತಕ್ಕದ್ದು. ಹೊಸದಾಗಿ ಹಾಕುವುದಕ್ಕೆ ಗ್ರಾಫೈಟ್ ಲೇಪದ ಉಕ್ಕಿನ ಹಾಳೆಯಾಗಲಿ, ಉಬ್ಬುಗೆರೆಗಳುಳ್ಳ ಹಲವು ಪದರಗಳ ಉಕ್ಕಿನ ಪ್ಯಾಕಿಂಗಾಗಲಿ ಯೋಗ್ಯವಾದುವು. ಮ್ಯಾನಿಫೋಲ್ಡು ಜಾರುವುದಕ್ಕೆ ಇವು ಎಡೆಗೊಡುತ್ತವೆ. ಸಾಧಾರಣವಾದ ಸಿಲಿಕಾನ್ ಪೇಸ್ಟು ಈ ಬಿಸಿಯನ್ನು ತಡೆಯಲಾರದೆ ಸುಟ್ಟು ಉದುರಿ, ತಾನಿದ್ದ ಎಡೆಯಲ್ಲಿಯೇ ಹೊಸ ಸಂದನ್ನು ನಿರ್ಮಿಸುತ್ತದೆ.

ಬಿಗಿಯುವಾಗ ನಡುವಿನಿಂದ ಆರಂಭಿಸಿ ಎರಡು ತುದಿಗಳ ಕಡೆಗೆ ಸಾಗುತ್ತ, ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ ಮೂರು ಆವೃತ್ತಿಗಳಲ್ಲಿ, ಟಾರ್ಕ್ ರೆಂಚನ್ನು ಹಿಡಿದು ಪುಸ್ತಕದ ಅಳತೆಗೆ ತರಬೇಕು. ಮರೆಗೆ ಶಾಖವನ್ನು ತಡೆಯುವ ಗ್ರೀಸನ್ನು ಸವರುವುದು ಒಳ್ಳೆಯದು. ಆದರೆ ಅದರಿಂದ ಘರ್ಷಣೆ ತಗ್ಗಿ ಅದೇ ತಿರುಚಿಗೆ ಹೆಚ್ಚಿನ ಎಳೆತ ಬರುವುದರಿಂದ, ಅಳತೆಯನ್ನು ಮೀರಿ ಇನ್ನೊಂದಿಷ್ಟು ತಿರುಗಿಸುವ ಅಭ್ಯಾಸವನ್ನು ಬಿಡಬೇಕು. ಎಂಜಿನ್ನನ್ನು ಚೆನ್ನಾಗಿ ಕಾಯಿಸಿ, ಪೂರ್ಣವಾಗಿ ತಣಿಯಲು ಬಿಟ್ಟು, ಮತ್ತೊಮ್ಮೆ ಬಿಗಿಯನ್ನು ಪರೀಕ್ಷಿಸುವುದು ಅತ್ಯವಶ್ಯ; ಕೆಲವು ನೂರು ಕಿಲೋಮೀಟರು ಓಡಿದಮೇಲೆ ಇನ್ನೊಮ್ಮೆ ನೋಡಿದರೆ ಇನ್ನೂ ಉತ್ತಮ.

ಇಷ್ಟಾದಮೇಲೂ ಸೋರಿದರೆ ಕಣ್ಣು ಕೆಳಕ್ಕೆ ಹೋಗಬೇಕು. ಸೈಲೆನ್ಸರಿನ ಬ್ರಾಕೆಟ್ಟು ಮುರಿದು, ಉದ್ದವಾದ ಕೊಳವೆಯ ಭಾರವೆಲ್ಲ ಮ್ಯಾನಿಫೋಲ್ಡಿಗೆ ಜೋತುಬಿದ್ದಿರಬಹುದು. ಎಂಜಿನ್ನಿನ ಮೌಂಟಿಂಗ್ ರಬ್ಬರು ಕುಸಿದು ಪ್ರತಿಯೊಂದು ಕುಲುಕಾಟವೂ ಕೊಳವೆಯನ್ನು ಎಳೆಯುತ್ತಿರಬಹುದು. ಬಾಗುವ ಪೈಪಿನ ಬದಲು ಯಾರೋ ಗಟ್ಟಿಯಾದ ಪೈಪನ್ನು ಬೆಸೆದಿರಬಹುದು. ಇಂಜೆಕ್ಷನ್ನಿನ ಸಮಯ ತಪ್ಪಿ ಇಂಧನವು ತಡವಾಗಿ ಉರಿಯುತ್ತ ಮ್ಯಾನಿಫೋಲ್ಡನ್ನು ಮಿತಿಮೀರಿ ಕಾಯಿಸುತ್ತಿರಬಹುದು. ಸೋರುವ ಎಡೆಯು ಮೇಲಿದ್ದರೂ ಕಾರಣವು ಒಂದು ಮಾರು ದೂರದಲ್ಲಿರುವುದು ಅಪರೂಪವೇನಲ್ಲ.

ಮಾಲೀಕರಿಗೂ ಮೇಸ್ತ್ರಿಗಳಿಗೂ

ಈ ಕೆಲಸಗಳಲ್ಲಿ ಯಾವುದೂ ಅಸಾಧಾರಣವಾದುದಲ್ಲ. ಬೆಂಗಳೂರಿನ ಕಲಾಸಿಪಾಳ್ಯದಲ್ಲಾಗಲಿ, ಹುಬ್ಬಳ್ಳಿಯಲ್ಲಾಗಲಿ, ಬೀಡಿನ ಎರಕಕ್ಕೆ ಹೆಸರಾದ ಬೆಳಗಾವಿಯಲ್ಲಾಗಲಿ ಇದನ್ನು ಬಲ್ಲ ಕೈಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಸಮಯಕ್ಕೆ, ಅದಕ್ಕಿಂತ ಹೆಚ್ಚಾಗಿ, ಆ ಸಮಯವನ್ನು ಕೊಡುವ ಮನಸ್ಸಿಗೆ. “ಪ್ಯಾಕಿಂಗ್ ಹಾಕಿಬಿಡಿ ಮೇಸ್ತ್ರಿ, ಸಂಜೆಗೆ ಲೋಡ್ ಇದೆ” ಎನ್ನುವ ಮಾಲೀಕನ ಅವಸರಕ್ಕೆ ಬಾಡಿಗೆಯ ಹಾಗೂ ಕಂತಿನ ಒತ್ತಡವು ಕಾರಣವಾಗಿರುವುದರಿಂದ ಅವನನ್ನು ನಿಂದಿಸುವುದು ಸುಲಭವಲ್ಲ. ಆದರೂ ವರ್ಷಕ್ಕೆ ಹಲವು ಸಲ ಹೀಗೆ ಅರ್ಧ ದಿನ ನಿಲ್ಲಿಸುವುದರ ಒಟ್ಟು ನಷ್ಟವು, ಒಮ್ಮೆ ಎರಡು ದಿನ ನಿಲ್ಲಿಸಿ ಫೇಸಿಂಗ್ ಮಾಡಿಸಿ, ಹೊಸ ಸ್ಟಡ್ಡುಗಳನ್ನು ಹಾಕಿಸುವ ವೆಚ್ಚವನ್ನು ಬೇಗನೆ ಮೀರುವುದೆಂಬ ಲೆಕ್ಕವನ್ನು ಅವನು ಶಾಂತವಾಗಿ ಕುಳಿತು ಮಾಡಬೇಕು. ಮೇಸ್ತ್ರಿಯೂ ಮ್ಯಾನಿಫೋಲ್ಡಿನ ಮುಖವನ್ನು ಅಳೆಯದೆ ಹೊಸ ಪ್ಯಾಕಿಂಗನ್ನು ಹಾಕಲಾರೆನೆಂದು ಹೇಳುವ ದಾರ್ಢ್ಯವನ್ನು ತೋರಬೇಕು; ಅವನ ವಿದ್ಯೆಯ ಗೌರವವು ಆ ಒಂದು ಮಾತಿನಲ್ಲಿದೆ.

ಮುಂದಿನ ಸಲ ಮ್ಯಾನಿಫೋಲ್ಡು ಸೋರಿದಾಗ ಅಂಗಡಿಗೆ ಪ್ಯಾಕಿಂಗ್ ತರಲು ಆಳನ್ನು ಅಟ್ಟುವುದಕ್ಕೆ ಮುಂಚೆ, ನೇರಪಟ್ಟಿಯನ್ನೂ ಫೀಲರ್ ಗೇಜನ್ನೂ ಕೈಗೆ ತೆಗೆದುಕೊಳ್ಳಿ. ಆ ಕ್ಯಾಬಿನ್ನಿನಲ್ಲಿ ರಾತ್ರಿ ಹಗಲು ಉಸಿರಾಡುವವನಿಗೆ ನಾವು ಸಲ್ಲಿಸಬೇಕಾದ ಋಣದಲ್ಲಿ ಇದು ಅತ್ಯಲ್ಪ ಭಾಗ.